ಇಲ್ಲದ ಸದ್ದಿನ ರಿಪೇರಿ

ನನ್ನ ಹಳೆಯ ಬೈಕು ಒಂದು ಶನಿ. ಅದು ಇದ್ದಷ್ಟು ದಿನವೂ ಈ ಮಾತು ಹೇಳಿದ್ದೇನೆ, ಹೋದ ಮೇಲೂ ಹೇಳುತ್ತೇನೆ. ಸವಣೂರಿನ ನಮ್ಮ ಮನೆಯಿಂದ ಶಿಗ್ಗಾಂವಿಯ ಕಾಲೇಜಿಗೆ ದಿನಾ ಹೋಗಿ ಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅಷ್ಟನ್ನೂ ನೆಟ್ಟಗೆ ಮಾಡಲಿಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿರುತ್ತಾರೆ. ಉಳಿದರ್ಧದಲ್ಲಿ ನನ್ನ ಬೈಕು ನಿಂತಿರುತ್ತಿತ್ತು. ಹಿಂದೆ ಬಂದವರು ಹಾರ್ನ್ ಹೊಡೆದು, ನಾನೆಂದು ಗುರುತು ಹಿಡಿದ ಮೇಲೆ, "ಸರ, ಇವತ್ತೂ ಏನ್ರಿ?" ಎಂದು ನಕ್ಕು ಹೋಗುತ್ತಿದ್ದರು. ಕೆಮಿಸ್ಟ್ರಿ ಕಲಿಸುವ ನಾನು ಕೈತುಂಬ ಗ್ರೀಸು ಮೆತ್ತಿಕೊಂಡು ಕ್ಲಾಸಿಗೆ ಹೋದರೆ, ಪ್ರಯೋಗಾಲಯದಿಂದ ಬಂದೆ ಎಂದು ನಂಬುವಷ್ಟು ಮುಗ್ಧರಲ್ಲ ನಮ್ಮ ವಿದ್ಯಾರ್ಥಿಗಳು.

ವಾರವಿಡೀ ನಿಂತು ನಿಂತು ಓಡಿದ ಬೈಕನ್ನು ರವಿವಾರ ಬೆಳಗ್ಗೆ ತಳ್ಳಿಕೊಂಡು ಮಿಸ್ತ್ರಿಯ ಗ್ಯಾರೇಜಿಗೆ ಒಯ್ಯುತ್ತಿದ್ದೆ. ಅದೊಂದು ತಗಡಿನ ಶೆಡ್ಡು, ಮುಂದೆ ಒಂದು ಉದ್ದನೆಯ ಬೆಂಚು. ಬೆಂಚಿನ ಒಂದು ತುದಿಯಲ್ಲಿ ರಿಟೈರಾದ ಬಸ್ ಡ್ರೈವರ್ ಸಾಹೇಬರು, ತಮ್ಮ ಮೊಪೆಡ್ ರಿಪೇರಿಗೆಂದು ಬಂದವರು. ಇನ್ನೊಂದು ತುದಿಯಲ್ಲಿ ವೀಳ್ಯದೆಲೆ ವ್ಯಾಪಾರದ ಸಾವುಕಾರರು, ತಮ್ಮ ಗಾಡಿಗೆ ಯಾವುದೋ ಪಾರ್ಟು ಬಂತೇ ಎಂದು ವಿಚಾರಿಸಲು ಬಂದವರು. ನಡುವೆ ನಾನು. ಮಿಸ್ತ್ರಿ ನನಗಿಂತ ಹತ್ತು ವರ್ಷ ಹಿರಿಯ. ನನ್ನನ್ನು ಕಂಡ ಕೂಡಲೇ, "ಬರ್ರಿ ಆಚಾರ್ರ, ಕುಂಡ್ರಿ. ಈ ವಾರ ಎಲ್ಲಿ ಕೈ ಕೊಡ್ತು?" ಎನ್ನುತ್ತಿದ್ದ. ಆಮೇಲೆ ಚಹಾ, ಜೊತೆಗೆ ಖಾರ, ಉಳ್ಳಾಗಡ್ಡಿ ಸುರಿದ ಮಂಡಕ್ಕಿಯ ಗಿರ್ಮಿಟ್. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಗೆ ಹಿತ್ತಲ ಬಾಗಿಲೂ ಇಲ್ಲ.

ಆ ಬೆಂಚಿನ ಮೇಲೆ ನಾನು ಸರ್ ಅಲ್ಲ, ಯಾರ ಗಂಡನೂ ಅಲ್ಲ, ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರುವವರ ಮೊಮ್ಮಗನೂ ಅಲ್ಲ. ಬರೀ ಒಂದು ಕೆಟ್ಟ ಗಾಡಿಯ ಮಾಲೀಕ. ಇದು ನನಗೆ ಎಷ್ಟು ಸುಖ ಕೊಡುತ್ತಿತ್ತೆಂಬುದು ಆಗ ಗೊತ್ತಾಗಲಿಲ್ಲ. ಬೈಕಿಗೆ ಶಾಪ ಹಾಕುವುದರಲ್ಲೇ ಮೈಮರೆತಿದ್ದೆ.

ಕಡೆಗೊಂದು ದಿನ ಹೊಸದು ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ತೀರ ಸಣ್ಣದೂ ಬೇಡ, ಬುಸುಗುಡುವ ದೊಡ್ಡದೂ ಬೇಡ, ದಿನಾ ಹೋಗಿ ಬರಲು ಒಂದು ಸಾದಾ ನಡುಗಾತ್ರದ ಗಾಡಿ ಸಾಕು ಎಂದು ವಿಷಯವನ್ನು ಬೆಂಚಿನ ಮುಂದೆ ಇಟ್ಟೆ.

"ಗಾಡಿಗೆ ಭಾರ ಇರಬೇಕ್ರಿ, ಗಾಳಿ ಬಿಟ್ರ ಹಾರಬಾರದು," ಎಂದರು ಡ್ರೈವರ್ ಸಾಹೇಬರು. ಅವರ ಪ್ರಕಾರ ಬಸ್ಸಿಗಿಂತ ಹಗುರವಾದದ್ದೆಲ್ಲ ಆಟಿಕೆ.

"ಮಾರುವಾಗ ಎಷ್ಟಕ್ಕ ಹೋಗ್ತೈತಿ, ಅದನ್ನ ಮೊದಲ ನೋಡ್ರಿ," ಎಂದರು ಸಾವುಕಾರರು.

"ಇನ್ನೂ ತೊಗೊಂಡೇ ಇಲ್ಲಲ್ರಿ!" ಎಂದೆ.

ಮಿಸ್ತ್ರಿ ನಟ್ಟಿಗೆ ಹಾಕಿದ ಪಾನಾ ತಿರುವುತ್ತಲೇ, "ಕೈಲೆ ಬಿಚ್ಚಾಕ ಬರೂವಂಥಾದ್ದು ತಗೊಳ್ರಿ. ಸೆನ್ಸರ್ ಗಿನ್ಸರ್ ಬ್ಯಾಡ," ಎಂದ. ಮನೆಯಲ್ಲಿ ಹೆಂಡತಿಯದು ಎರಡೇ ಷರತ್ತು. "ನಡು ದಾರ್ಯಾಗ ನಿಂದರಬಾರದು. ಹಿಂದ ಕೂತರ ಸೀರಿ ಚಕ್ರದಾಗ ಹೋಗಬಾರದು. ಉಳಿದದ್ದು ನಿಮ್ಮ ಹಣೇಬರಹ."

ನಾನು ಯಾರ ಮಾತನ್ನೂ ಪೂರ್ತಿ ನಂಬುವವನಲ್ಲ. ನಾನೇ ನೋಡಬೇಕೆಂದು ಹೊರಟೆ. ಹಾನಗಲ್ಲಿನಲ್ಲಿ ಹೆಂಡತಿಯ ತಮ್ಮನ ಬಳಿ ಅಂಥದೇ ಒಂದು ಗಾಡಿ ಇತ್ತು. ಓಡಿಸಲು ಕೊಡಲು ಅವನಿಗೆ ಮನಸ್ಸಿಲ್ಲ, ಇಲ್ಲವೆನ್ನಲು ಧೈರ್ಯವಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಅದರ ಮೇಲೆ ನನ್ನನ್ನು ಕೂರಿಸಿ, "ಹ್ಯಾಂಗ ಅನಸ್ತದ?" ಎಂದು ಕೇಳಿದ. ನಿಂತ ಗಾಡಿಯಾಗಿ ಚೆನ್ನಾಗಿತ್ತು. ಹಿರೇಕೆರೂರಿನಲ್ಲಿ ನನ್ನ ಓರಗೆಯ ಮಾಸ್ತರರೊಬ್ಬರು ಇನ್ನೊಂದು ಗಾಡಿಯ ಹಿಂದೆ ನನ್ನನ್ನು ಹತ್ತಿಸಿಕೊಂಡು ಹಂಸಭಾವಿಯವರೆಗೆ ಹೋಗಿ ಬಂದರು. ದಾರಿಯುದ್ದಕ್ಕೂ ಮೈಲೇಜಿನ ವಿಷಯ ಹೇಳಿದರು. "ಲೀಟರಿಗೆ" ಎಂಬುದಷ್ಟೇ ನನಗೆ ಕೇಳಿಸಿತು, ಮುಂದಿನ ಅಂಕಿಯನ್ನು ಪ್ರತಿ ಸಲವೂ ಗಾಳಿ ಒಯ್ದಿತು. ನಾನು ಪ್ರತಿ ಸಲವೂ "ಹೌದೇನ್ರಿ!" ಎಂದೆ.

ಕೊನೆಗೆ ಶಿಗ್ಗಾಂವಿಯ ಶೋರೂಮಿನಲ್ಲಿ ಒಂದು ಕರಿ ಗಾಡಿಗೆ ಬೆರಳು ತೋರಿಸಿದೆ. ಪಟ್ಟಿ ಇಲ್ಲ, ಮಿಂಚಿಲ್ಲ, ಬಿಚ್ಚಲು ಸುಲಭ, ಸೀರೆಗೆ ಅಡ್ಡ ಜಾಳಿಗೆ ಇದೆ. ಅಲ್ಲಿದ್ದ ಹೆಣ್ಣುಮಗಳು ಸ್ವಲ್ಪ ಹಿಂಜರಿದು, "ಸರ, ಇದನ್ನ ಹೆಚ್ಚಾಗಿ ಹಾಲಿನವರು ಒಯ್ತಾರ್ರಿ," ಎಂದಳು. ದಿನಾ ಬೆಳಗಾಗುವ ಮೊದಲು ಕ್ಯಾನು ಹೇರಿಕೊಂಡು ಓಡುವವರು ಒಪ್ಪಿದ ಗಾಡಿಗಿಂತ ದೊಡ್ಡ ಸರ್ಟಿಫಿಕೇಟ್ ಏನು ಬೇಕು? ಅದನ್ನೇ ತಂದೆ. ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಪಾರಾಯಣಕ್ಕೆ ಕೂತಂತೆ ಓದಿದೆ. ಚೈನಿಗೆ ಎಣ್ಣೆ ಹಾಕು ಎಂದರೆ ಹಾಕಿದೆ. ಗಾಳಿ ನೋಡು ಎಂದರೆ ನೋಡಿದೆ. ಆಯಿಲ್ ಬದಲಿಸು ಎಂದಲ್ಲಿ ಬದಲಿಸಿದೆ. ಹರಿದ ಧೋತರದ ತುಂಡಿನಿಂದ ದಿನಾ ಒರೆಸಿದೆ. "ದೇವರನ್ನ ಹಿಂಗ ಒರಸಿದ್ದರ ಇಷ್ಟೊತ್ತಿಗೆ ಪ್ರತ್ಯಕ್ಷ ಆಗ್ತಿದ್ದ," ಎಂದಳು ಹೆಂಡತಿ. ಗಾಡಿ ಒಂದು ದಿನವೂ ನಿಲ್ಲಲಿಲ್ಲ, ಕೆಮ್ಮಲಿಲ್ಲ, ಒಂದು ಹನಿ ಎಣ್ಣೆ ಸೋರಲಿಲ್ಲ. ಸರ್ವೀಸಿಗೆ ಶೋರೂಮಿಗೆ ಒಯ್ದರೆ ಗಾಜಿನ ಕೋಣೆಯಲ್ಲಿ ಕೂರಿಸಿ ನೀರಿನ ಬಾಟಲಿ ಕೊಟ್ಟರು. ಅಲ್ಲಿ ಯಾರೂ ಯಾರಿಗೂ ಬೈಯುತ್ತಿರಲಿಲ್ಲ. ಬೇಜಾರಾಗಿ ಗೋಡೆ ನೋಡುತ್ತ ಕೂತೆ.

ಬೇಜಾರು ಅಲ್ಲಿಂದ ಮನೆಗೂ ಬಂತು. ರವಿವಾರ ಬೆಳಗ್ಗೆ ಮಾಡಲು ಏನೂ ಇಲ್ಲ. ಸುಮ್ಮನೆ ಕೂತ ಗಂಡನನ್ನು ಯಾವ ಹೆಂಡತಿ ಸಹಿಸುತ್ತಾಳೆ? ತಾಮ್ರದ ಪಾತ್ರೆಗಳು, ಹುಣಸೆಹಣ್ಣು ನನ್ನ ಮುಂದೆ ಬಂದವು. ಒಂದು ರವಿವಾರ ತಡೆಯಲಾರದೆ ನಡೆದುಕೊಂಡೇ ಗ್ಯಾರೇಜಿಗೆ ಹೋದೆ. ಎಲ್ಲರೂ ಬರ್ರಿ ಬರ್ರಿ ಎಂದರು, ಜಾಗ ಕೊಟ್ಟರು.

"ಏನಾತ್ರಿ ಗಾಡಿಗೆ?" ಎಂದರು ಡ್ರೈವರ್ ಸಾಹೇಬರು.

"ಏನೂ ಆಗಿಲ್ರಿ. ಭಾಳ ಚಲೋ ಅದ."

"ಹೌದಾ," ಎಂದರು. ಸಾವುಕಾರರೂ "ಹೌದಾ" ಎಂದರು. ಅದರ ಮೇಲೆ ಆಡಲು ಯಾರ ಬಳಿಯೂ ಮಾತಿರಲಿಲ್ಲ. ಗಟ್ಟಿಮುಟ್ಟಾದ ಮನುಷ್ಯ ದವಾಖಾನೆಯ ಬೆಂಚಿನಲ್ಲಿ ಜಾಗ ಹಿಡಿದು ಕೂತಂತಾಗಿತ್ತು ನನ್ನ ಅವಸ್ಥೆ. ಅರ್ಧ ಕಪ್ಪು ಚಹಾ ಬಿಟ್ಟು ಎದ್ದು ಬಂದೆ. ಆ ಬೆಂಚು ನನ್ನ ಕೈತಪ್ಪಿತು ಅನ್ನಿಸಿ ನಿಜಕ್ಕೂ ಸಂಕಟವಾಯಿತು. ನಿಯತ್ತಿನ ಗಾಡಿಯ ಮೇಲೆ ಸಿಟ್ಟು ಬಂತು.

ಮುಂದಿನ ರವಿವಾರ ಗಾಡಿ ಏರಿಯೇ ಹೋದೆ. ಇಳಿಯುವ ಮೊದಲೇ, "ಮಿಸ್ತ್ರಿಯವರ, ಏನೋ ಸದ್ದು ಬರ್ಲಿಕ್ಕತ್ತದ್ರಿ," ಎಂದೆ.

ಬೆಂಚಿಗೆ ಜೀವ ಬಂತು. "ಎಂಥಾ ಸದ್ದು? ಕಿರ್ ಅಂತೈತೋ, ಟಕ್ ಟಕ್ ಅಂತೈತೋ?" ಎಂದು ಡ್ರೈವರ್ ಸಾಹೇಬರು ಎದ್ದೇ ನಿಂತರು. ನಾನು ಅಷ್ಟು ದೂರ ಯೋಚಿಸಿರಲಿಲ್ಲ.

"ಎರಡರ ನಡುವ," ಎಂದೆ.

"ಬೇರಿಂಗ್!" ಎಂದರು ಸಾಹೇಬರು. ಸಾವುಕಾರರು ಬಗ್ಗಿ ಇಂಜಿನ್ನಿಗೆ ಕಿವಿ ಹತ್ತಿರ ಒಯ್ದು, ಕಣ್ಣು ಮುಚ್ಚಿ, "ಹಾಂ, ಕೇಳಿಸ್ತು. ಒಳಗ ಐತಿ," ಎಂದರು. ಇಂಜಿನ್ ಇನ್ನೂ ಚಾಲೂ ಮಾಡಿರಲಿಲ್ಲ. ಮಿಸ್ತ್ರಿ ಚೈನು ಬಿಚ್ಚಿದ, ನೋಡಿದ, ಹಾಕಿದ. ಆ ದಿನ ನಾನು ಗಿರ್ಮಿಟ್ ಎರಡು ಸಲ ತರಿಸಿದೆ.

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವುದು ನನ್ನಂಥವರಿಗೇ. ಮುಂದಿನ ವಾರ, ಹೋದ ವಾರ ಏನು ಹೇಳಿದ್ದೆನೆಂಬುದು ಮರೆತು, "ಗುಂಯ್ ಅಂತದ," ಎಂದುಬಿಟ್ಟೆ.

"ಕಿರ್ ಮತ್ತ ಟಕ್ಕಿನ ನಡುವ ಗುಂಯ್ ಎಲ್ಲಿಂದ ಬಂತ್ರಿ?" ಎಂದು ಡ್ರೈವರ್ ಸಾಹೇಬರು ಹಿಡಿದರು.

"ಬೆಳೀಲಿಕ್ಕತ್ತದ್ರಿ, ಸಾಹೇಬ್ರ," ಎಂದೆ. ಸದ್ದು ಬೆಳೆಯುತ್ತದೆಯೇ ಎಂಬುದರ ಮೇಲೆ ಊಟದ ಹೊತ್ತಿನವರೆಗೂ ಚರ್ಚೆ ನಡೆಯಿತು. ಸೈಲೆನ್ಸರ್ ಬಿಚ್ಚಿಸಿದರು. ಮರುವಾರ ಹಿಂದಿನ ಚಕ್ರ. ಆಮೇಲೆ ಟ್ಯಾಂಕು. ಹೊಸ ಗಾಡಿಯ ಒಳಗನ್ನೆಲ್ಲ ಇಡೀ ಸವಣೂರು ನೋಡಿತು. ಸದ್ದು ಸಿಗಲಿಲ್ಲ, ನಾನೂ ಬಿಡಲಿಲ್ಲ.

ಹೀಗೆ ನಡೆದಿರುವಾಗ ಒಂದು ರವಿವಾರ ಮಿಸ್ತ್ರಿ ಕೈ ಒರೆಸಿಕೊಂಡು, "ಬರ್ರಿ ಆಚಾರ್ರ, ಒಂದು ರೌಂಡ್ ಹೊಡದು ನೋಡೂಣು," ಎಂದ. ಅವನು ಮುಂದೆ, ನಾನು ಹಿಂದೆ. ಹುಲಗೂರಿನ ಕಡೆ ಒಂದಿಷ್ಟು ದೂರ ಹೋಗಿ ಹೊಲದ ಬದುವಿನ ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಂಜಿನ್ ಬಂದ್ ಮಾಡಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಅವನು ಕೇಳುವ ಮೊದಲೇ, "ಈಗ ಬರಲಿಲ್ಲ ನೋಡ್ರಿ," ಎಂದೆ.

"ಆಚಾರ್ರ," ಎಂದ ಮಿಸ್ತ್ರಿ, "ಗಾಡ್ಯಾಗ ಸದ್ದಿಲ್ಲ ಅಂತ ನನಗ ಮೊದಲನೇ ವಾರನ ಗೊತ್ತಿತ್ರಿ."

ನಾಚಿಕೆಯಿಂದ ಮುಖ ಎಲ್ಲಿಡಲಿ ಎನ್ನುವಂತಾಯಿತು. ಬೆಂಚಿಗೆ ಇವತ್ತೇ ಕಡೆ ಎಂದುಕೊಂಡೆ. ಅವನು ಮಾತ್ರ ಆರಾಮವಾಗಿ ಬೀಡಿ ಹಚ್ಚಿದ.

"ಡ್ರೈವರ್ ಸಾಹೇಬ್ರ ಮೊಪೆಡ್ ನೋಡೀರಲ್ಲ? ಎರಡು ವರ್ಷ ಆತು, ಅದಕ್ಕೇನೂ ಆಗಿಲ್ರಿ. ಅವರು ಬರ್ತಾರ, ನಾ ಪ್ಲಗ್ ತಗೀತೇನಿ. ಅವರು ಹೋಗ್ತಾರ, ನಾ ಹಾಕ್ತೇನಿ."

"ಸಾವುಕಾರ್ರದು?"

"ಅವರಂತೂ ಗಾಡೀನ ಮಾರ್ಯಾರ್ರಿ. ಇಲ್ಲದ ಗಾಡಿಗೆ ಪಾರ್ಟ್ ಕೇಳಾಕ ಬರ್ತಾರ."

ನನಗೆ ನಗು ತಡೆಯಲಾಗಲಿಲ್ಲ. ಮಿಸ್ತ್ರಿಯೂ ನಕ್ಕ. ನಕ್ಕು ಮುಗಿದ ಮೇಲೆ ಕೇಳಿದೆ: "ಮತ್ತ ಅವರಿಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ಬರೂದು ಬಿಡ್ತಾರ್ರಿ," ಎಂದ. "ಹೊಸಾ ಗಾಡಿ ಎಲ್ಲಾ ಶೋರೂಮಿಗೆ ಹೊಕ್ಕಾವು. ನೀವೂ ಬರಲಿಲ್ಲಂದ್ರ ನಾ ಒಬ್ಬನ ಕುಂತು ಏನ್ ಮಾಡ್ಲಿ? ನೀವು ಸದ್ದು ಅಂತ ಬಂದ ದಿನ ನನಗ ಎಷ್ಟು ಖುಷಿ ಆತು ಗೊತ್ತೇನ್ರಿ? ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆ ಬೆಂಚು ನನಗೊಬ್ಬನಿಗೇ ಬೇಕಾಗಿದೆ ಎಂದುಕೊಂಡು ಇಷ್ಟು ದಿನ ಒದ್ದಾಡಿದ್ದೆ. ಹಿಂದಿನ ಸೀಟು ಹತ್ತಿದೆ.

ಗ್ಯಾರೇಜಿಗೆ ತಿರುಗಿ ಬಂದಾಗ ಇಬ್ಬರೂ ರಸ್ತೆಯನ್ನೇ ನೋಡುತ್ತ ಕೂತಿದ್ದರು. "ಸಿಕ್ತೇನ್ರಿ ಸದ್ದು?" ಎಂದರು ಡ್ರೈವರ್ ಸಾಹೇಬರು. ಅವರ ದನಿಯಲ್ಲಿ, ಸಿಕ್ಕಿಬಿಟ್ಟಿತೇನೋ ಎಂಬ ಹೆದರಿಕೆ ನನಗೆ ಮೊದಲ ಸಲ ಕೇಳಿಸಿತು.

"ಎಲ್ಲೀದ್ರಿ," ಎಂದ ಮಿಸ್ತ್ರಿ, ಗಂಭೀರವಾಗಿ ತಲೆ ಅಲ್ಲಾಡಿಸುತ್ತ. "ಭಾಳ ಹಟಮಾರಿ ಸದ್ದು ಐತಿ. ಮುಂದಿನ ರವಿವಾರ ಮತ್ತ ನೋಡಬೇಕು."

ಸಾಹೇಬರು ಸಮಾಧಾನದ ಉಸಿರು ಬಿಟ್ಟು, ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದು ನನಗೆ ಜಾಗ ಮಾಡಿದರು.