ಬಾದಾಮಿ ಗುಡ್ಡದ ಕೆಂಪು ಹುರಿ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, "ಫೋಟೋ ಹೊಡದಿಯೇನಪಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವ ನಾನು. ಇಳಕಲ್ಲಿನಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಕ್ಯಾಮೆರಾಕ್ಕೆ ಕಾಣದ್ದು ಇಲ್ಲವೇ ಇಲ್ಲ ಎಂಬ ಲೆಕ್ಕ ನನ್ನದು. ಈಗ ಹೇಳಹೊರಟಿರುವುದಕ್ಕೆ ನನ್ನ ಬಳಿ ಒಂದೂ ಫೋಟೋ ಇಲ್ಲ. ನೀವು ನಕ್ಕರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಆಷಾಢ. ಟೈಮ್‌ಲ್ಯಾಪ್ಸ್ ಹುಚ್ಚು ತಲೆಗೇರಿತ್ತು. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಅದು ತಾಸುಗಟ್ಟಲೆ ತಾನೇ ಫೋಟೋ ಹೊಡೆಯುವಂತೆ ಬಿಟ್ಟು, ಆಮೇಲೆ ಎಲ್ಲವನ್ನೂ ಜೋಡಿಸಿದರೆ ಮೋಡಗಳು ಓಡುವುದು ಕಾಣುತ್ತದೆ. ಬಾದಾಮಿಯ ಗುಡ್ಡದ ಮೇಲಿಂದ, ಕೆರೆಯ ಮೇಲೆ ಮಳೆ ಬರುವುದನ್ನು ಹಿಡಿಯಬೇಕಿತ್ತು ನನಗೆ. ಆದರೆ ಗುಡ್ಡದ ಗಾಳಿಗೆ ಕ್ಯಾಮೆರಾದ ಸ್ಟ್ಯಾಂಡ್ ಒಂದಿಷ್ಟು ಅಲುಗಿದರೂ ಎಲ್ಲ ಹಾಳು. ಅದನ್ನು ಬಿಗಿದು ಕಟ್ಟಬೇಕು. ನೇಕಾರರ ಮನೆಯವನು ಅಂಗಡಿ ಹಗ್ಗ ಕೊಳ್ಳುತ್ತಾನೆಯೇ? ಮಗ್ಗದಲ್ಲಿ ಉಳಿದ ಕಡುನೀಲಿ ನೂಲನ್ನು ಹೊಸೆದು ನಾನೇ ಹುರಿ ಮಾಡಿದೆ.

ಅವ್ವ ಆಗ ಸೀರೆಗೆ ಕೊಂಡಿ ಹಾಕುತ್ತ ಕೂತಿದ್ದಳು. ನಮ್ಮ ಸೀರೆಯಲ್ಲಿ ಒಡಲಿನ ಕಡುನೀಲಿ ನೂಲು ಬೇರೆ, ಸೆರಗಿನ ಕೆಂಪು ನೂಲು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಬೆಳಕಿಗೆ ಕೂತು ಮಾಡುವ ನಿಧಾನದ ಕೆಲಸ. ಅವಳು ನನ್ನ ಹುರಿ ನೋಡಿ, "ಇದು ಉಡೂ ನೂಲೋ ತಮ್ಮಾ, ಭಾರ ಹಿಡಿಯೂದಲ್ಲ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆಳೆಯ ಮಹಾಂತೇಶನನ್ನು ಎಳೆದುಕೊಂಡು ಮಧ್ಯಾಹ್ನ ಗುಡ್ಡ ಹತ್ತಿದೆ. ಬಂಡೆಯ ಅಂಚಿಗೆ ಸ್ಟ್ಯಾಂಡ್ ನಿಲ್ಲಿಸಿ, ಹುರಿಯ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದನ್ನು ಹಿಂದಿನ ದೊಡ್ಡ ಕಲ್ಲಿಗೆ ಬಿಗಿದೆ. ಸಂಜೆಯಾಗುವ ಹೊತ್ತಿಗೆ ಮೋಡ ಕೆರೆಯ ಕಡೆಯಿಂದ ಎದ್ದು ಬಂದು ನಮ್ಮ ಮೇಲೆಯೇ ಕೂತಿತು. ಮಳೆ ಅಡ್ಡಡ್ಡ ಬಡಿಯತೊಡಗಿತು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ.

"ಕ್ಯಾಮೆರಾ ಬಿಟ್ಟ ಬಾರಲೇ! ಜೀವಾ ಉಳದ್ರ ಇನ್ನೊಂದ ತಗೊಂಡೀಯಂತ!" ಎಂದು ಮಹಾಂತೇಶ ಬಂಡೆಯ ಸಂದಿಯಿಂದ ಕೂಗಿದ.

ನನ್ನ ಹಟ ಕೇಳಬೇಕಲ್ಲ. ಹುರಿಯನ್ನು ಕೈಗೆ ಸುತ್ತಿಕೊಂಡು ತಡವರಿಸುತ್ತ ಅಂಚಿಗೆ ಹೋದೆ. ಸ್ಟ್ಯಾಂಡನ್ನು ಎತ್ತಿ ಬಗಲಿಗೆ ಹಾಕಿಕೊಂಡದ್ದೇ ತಡ, ಗಾಳಿ ಬೀಸಿತು ನೋಡಿ, ಎರಡೂ ಕಾಲು ಜಾರಿದವು. ಸೊಂಟದವರೆಗೆ ಅಂಚಿನಾಚೆ ಹೋದೆ. ಕಾಲ ಕೆಳಗೆ ಏನೂ ಇಲ್ಲ. ಕೈಗೆ ಸುತ್ತಿಕೊಂಡಿದ್ದ ಹುರಿಯೊಂದೇ ನನ್ನನ್ನು ಹಿಡಿದಿತ್ತು.

ಅದು ಕಲ್ಲಿಗೆ ಉಜ್ಜಿ ಎಳೆ ಎಳೆಯಾಗಿ ಹರಿಯುವುದು ಕೈಗೆ ತಿಳಿಯುತ್ತಿತ್ತು. ಅಂಥ ಹೆದರಿಕೆ ನನ್ನ ಶತ್ರುವಿಗೂ ಬೇಡ. ಟಪ್ ಎಂದು ಹರಿಯಿತು. ಹರಿದದ್ದು ಖಂಡಿತ, ಕಡಿದ ತುದಿ ನನ್ನ ಮುಖಕ್ಕೇ ಬಡಿಯಿತು. ಎದೆಯವರೆಗೂ ಜಾರಿದೆ. "ಅವ್ವಾ!" ಎಂದು ಚೀರಿದೆ.

ಆಗ ಹರಿದ ಹುರಿಯೇ ಮತ್ತೆ ಬಿಗಿಯಾಯಿತು. ಅತ್ತ ಕಡೆಯಿಂದ ಯಾರೋ ನಿಧಾನವಾಗಿ, ಒಂದೇ ಸಮನೆ ಎಳೆದರು. ಮಹಾಂತೇಶನಲ್ಲ ಎಂದು ಆಗಲೇ ಅನಿಸಿತು. ಅವನಾಗಿದ್ದರೆ ಬೈಯುತ್ತ ಎಳೆಯುತ್ತಿದ್ದ. ಬಂಡೆಯ ಮೇಲೆ ಮಕಾಡೆ ಬಿದ್ದವನು, ತೆವಳಿಕೊಂಡು ಸಂದಿ ಸೇರಿದೆ.

"ಚಲೋ ಎಳದಿ ದೋಸ್ತ" ಎಂದೆ.

"ನಾ ಎಲ್ಲಿ ಎಳದೀನೋ? ಕಣ್ಣ ಮುಚ್ಚಿ ಇಲ್ಲೇ ಕುಂತೀನಿ."

ಮೋಡ ತುಸು ಸರಿದ ಮೇಲೆ ಹುರಿ ನೋಡಿದೆವು. ನನ್ನ ಕೈಯಿಂದ ಸ್ವಲ್ಪ ದೂರದವರೆಗೆ ಕಡುನೀಲಿ. ಅಲ್ಲಿಂದ ಕಲ್ಲಿನವರೆಗೆ ಕೆಂಪು. ನಡುವೆ ಎಳೆಗೆ ಎಳೆ ಸಿಕ್ಕಿಸಿದ ಕೊಂಡಿ. ನನ್ನ ಹುರಿಯ ಉಳಿದರ್ಧ ಎಲ್ಲೂ ಇರಲಿಲ್ಲ. ಕಲ್ಲಿಗೆ ಹಾಕಿದ್ದ ಗಂಟೂ ನನ್ನದಲ್ಲ. ಮಹಾಂತೇಶ ಅದನ್ನು ಚಾಕುವಿನಿಂದ ಕೊಯ್ದ. ಸಾಲಿ ಹುಡುಗರಂತೆ ಕೈ ಕೈ ಹಿಡಿದುಕೊಂಡು, ಹಿಂದೆ ತಿರುಗದೆ ಇಳಿದೆವು.

ಕ್ಯಾಮೆರಾ ಉಳಿಯಿತು. ಅದು ಕೊನೆಯವರೆಗೂ ಹೊಡೆಯುತ್ತಲೇ ಇತ್ತು. ನೋಡಿದರೆ ಎಲ್ಲ ಬರೀ ಬಿಳಿ ಮೋಡ.

ಮರುದಿನ ಮನೆಯಲ್ಲಿ ಅವ್ವ ಹುರಿಯನ್ನು ಬಾಗಿಲ ಬೆಳಕಿಗೆ ಹಿಡಿದು ಕೊಂಡಿಗಳ ಮೇಲೆ ಹೆಬ್ಬೆರಳಾಡಿಸಿದಳು. "ಇಷ್ಟ ಸಣ್ಣ ಕೊಂಡಿ ನನ್ನ ಕೈಲೆ ಆಗೂದಿಲ್ಲೋ" ಎಂದಳು. ಆಮೇಲೆ ನೀಲಿಯ ಮೇಲೆ ಒಮ್ಮೆ, ಕೆಂಪಿನ ಮೇಲೆ ಒಮ್ಮೆ ಬೆರಳಿಟ್ಟಳು. "ಒಡಲ ನಿಂದು. ಸೆರಗ ಯಾರದು? ಸೆರಗ ಅಂದಮ್ಯಾಲೆ ಉಟ್ಟಾಕಿ ಒಬ್ಬಾಕಿ ಇರಬೇಕಲ್ಲ."

ಹುರಿಯನ್ನು ಅವಳ ಕೈಯಿಂದ ಕಸಿದುಕೊಂಡೆ. ಎಲ್ಲಾದರೂ ಬಿಸಾಡಿ ಬರುತ್ತೇನೆ ಎಂದೆ.

"ಹುಚ್ಚಪ್ಪಾ, ಅಕಿ ಬಂದು ಕೇಳಿದ್ರ ಏನ ಕೊಡ್ತಿ?"

ಹುರಿ ಇಂದಿಗೂ ನಮ್ಮ ಟ್ರಂಕಿನಲ್ಲಿದೆ. ನನ್ನನ್ನು ಎಳೆದವರು ಯಾರು, ಏಕೆ ಎಳೆದರು, ನನಗೆ ಗೊತ್ತಿಲ್ಲ. ಆಷಾಢದ ಗಾಳಿಗೆ ಬಾಗಿಲು ಬಡಿದುಕೊಂಡರೆ ನಾನು ಏಳುವುದಿಲ್ಲ. ಅವ್ವನೇ ಹೋಗಿ ನೋಡಿ ಬರುತ್ತಾಳೆ.