ಅಕ್ಕನ ಪ್ಯಾಚ್

ನಮ್ಮ ಭಾವ ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮನುಷ್ಯ. ಮಾತು ಮೊದಲಿನಿಂದಲೂ ಕಡಿಮೆ. ಅಕ್ಕ ತೀರಿಕೊಂಡ ಮೇಲೆ ಅದೂ ನಿಂತೇಹೋಯಿತು. ಅವರು ಅತ್ತದ್ದನ್ನು ನಾನು ಕಂಡಿಲ್ಲ. ಅದೇ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ನಾನು, ಅವಳ ತಮ್ಮ, ಅವರ ಪಾಲಿನದನ್ನೂ ಸೇರಿಸಿ ಅತ್ತೆ.

ಅಕ್ಕನೂ ಅಲ್ಲೇ ಪುಟ ಜೋಡಿಸುತ್ತಿದ್ದಳು. ಅದಕ್ಕೆ ಅವಳು ಬಳಸುತ್ತಿದ್ದ, ಲಿನಕ್ಸಿನಲ್ಲಿ ನಡೆಯುವ ತಂತ್ರಾಂಶಕ್ಕೆ ಒಂದು ಕೆಟ್ಟ ಚಾಳಿಯಿತ್ತು. ಅಡಿಟಿಪ್ಪಣಿ ಇರುವ ಪುಟದ ಕೊನೆಯ ಸಾಲನ್ನು ನುಂಗಿಬಿಡುತ್ತಿತ್ತು. ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದವಳು ಅಕ್ಕ. ಸಾಕಾಗಿ, ಹಟಕ್ಕೆ ಬಿದ್ದು ಅದರ ಸೋರ್ಸ್ ಕೋಡನ್ನೇ ಬಿಚ್ಚಿ ಓದಿ, ತಪ್ಪು ಹುಡುಕಿ ತಿದ್ದಿದಳು. ತಿದ್ದಿದ್ದನ್ನು ತಂತ್ರಾಂಶ ಮಾಡಿದವರಿಗೂ ಕಳಿಸಿದಳು. ಆ ಪುಣ್ಯಾತ್ಮರು ಹಾಂ ಹೂಂ ಎನ್ನಲಿಲ್ಲ.

ಹಾಗಾಗಿ ಹೊಸ ವರ್ಷನ್ನಿನ ಸಿದ್ಧ ಪ್ಯಾಕೇಜ್ ಹಾಕಿಕೊಂಡರೆ ಹಳೇ ಚಾಳಿ ಮತ್ತೆ ವಕ್ಕರಿಸುತ್ತಿತ್ತು. ಪ್ರತಿ ಸಲವೂ ಭಾವ ಸೋರ್ಸ್ ಇಳಿಸಿಕೊಂಡು, ಅಕ್ಕನ ತಿದ್ದುಪಡಿಯ ಪ್ಯಾಚ್ ಸೇರಿಸಿ, ತಾವೇ ಬಿಲ್ಡ್ ಮಾಡಿ ಬಳಸಲು ಬರುವ ತಂತ್ರಾಂಶವಾಗಿ ಕಟ್ಟಿಕೊಳ್ಳುತ್ತಿದ್ದರು. ಪರದೆಯ ಮೇಲೆ ಸಾಲುಗಳು ಓಡುವಾಗ ಕಣ್ಣು ಕೀಳದೆ ಕೂತಿರುತ್ತಿದ್ದರು. ತಟ್ಟೆಯಲ್ಲಿ ಏನಿದೆ ಎಂದೂ ನೋಡದೆ ಉಣ್ಣುವ ಮನುಷ್ಯನಿಗೆ ಅವಳಿಗಾಗಿ ಮಾಡಲು ಉಳಿದಿದ್ದ ಕೆಲಸ ಅದೊಂದೇ.

ಮೊನ್ನೆ ಹೊಸ ವರ್ಷನ್ ಬಂತು. ಭಾವ ಎಂದಿನಂತೆ ಪ್ಯಾಚ್ ಸೇರಿಸಲು ಹೊರಟರು. ನಡುವೆ ಕಂಪ್ಯೂಟರ್ ಏನೋ ಕೇಳಿತು. ಅದು ಏನು ಕೇಳಿದರೂ ಹೌದು ಎನ್ನುವುದು ಅವರಿಗೆ ರೂಢಿ, ಬೆರಳು ಹಾಗೇ ಒತ್ತಿತು. ಬಿಲ್ಡ್ ಮುಗಿಯಿತು. ಪರೀಕ್ಷೆಗೆಂದು ಒಂದು ಪುಟ ತೆಗೆದರೆ ಕೊನೆಯ ಸಾಲು ಮಾಯ!

"ಭಾವ, ಅಕ್ಕನ ಪ್ಯಾಚ್ ಹಾಕೋದು ಮರೆತ್ರಾ?"

"ಹಾಕಿದೀನಿ ಕಣಯ್ಯ."

ಹಿಂದಕ್ಕೆ ಹೋಗಿ, ಕಂಪ್ಯೂಟರ್ ಕೇಳಿದ್ದೇನೆಂದು ಓದಿದರು. ಈ ತಿದ್ದುಪಡಿ ಆಗಲೇ ಸೇರಿದಂತಿದೆ, ತೆಗೆದುಹಾಕಲೇ ಎಂದು ಅದು ಕೇಳಿತ್ತು. ತಂತ್ರಾಂಶ ಮಾಡಿದವರೇ ಅಕ್ಕನ ತಿದ್ದುಪಡಿಯನ್ನು ಕೊನೆಗೂ ಅದರೊಳಗೆ ಸೇರಿಸಿದ್ದರು. ಹೌದು ಎಂದು ಒತ್ತಿ ಭಾವ ಅದನ್ನು ಕೈಯಾರೆ ಕಿತ್ತುಹಾಕಿದ್ದರು.

ನನಗೋ ಹೆಮ್ಮೆಯೆಂದರೆ ಹೆಮ್ಮೆ. "ಅಕ್ಕ ಗೆದ್ದಳು ಬಿಡಿ ಭಾವ! ಇನ್ಮೇಲೆ ನಿಮಗೂ ಈ ತಾಪತ್ರಯ ಇಲ್ಲ," ಎಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಭಾವ ತಾವು ಬಿಲ್ಡ್ ಮಾಡಿದ್ದನ್ನು ಅಳಿಸಿ ಸಿದ್ಧ ಪ್ಯಾಕೇಜ್ ಹಾಕಿದರು. ಚಹಾ ಆರುವುದರೊಳಗೆ ಮುಗಿದುಹೋಯಿತು. ಮತ್ತೆ ಪುಟ ತೆಗೆದರು, ಕೊನೆಯ ಸಾಲು ತನ್ನ ಜಾಗದಲ್ಲಿತ್ತು. ಅದರ ಮೇಲೆ ಬೆರಳಾಡಿಸಿದರು. ಮುಖದಲ್ಲಿ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

"ಸರಿಯಾಗಿದೆ," ಎಂದರು. ನನ್ನ ಕಡೆ ನೋಡದೆ, "ಇನ್ನು ನಿಮ್ಮಕ್ಕನಿಗೆ ನನ್ನಿಂದ ಆಗ್ಬೇಕಾದ್ದು ಏನೂ ಇಲ್ಲ," ಎಂದರು.

ಕಾಗದ ಕತ್ತರಿಸುವ ಯಂತ್ರ ನಿಲ್ಲಿಸಿ ಅವರ ಪಕ್ಕ ಹೋಗಿ ಕೂತೆ.