ನೈರೋಬಿಯ ಮೇಜಿನ ಮೇಲೆ ಮುದ್ದೆ ಕೋಲು

ನೈರೋಬಿಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ನನ್ನನ್ನು ತಡೆದಳು. ಅರಕಲಗೂಡಿನ ಚರ್ಚಿನ ಹಾಸ್ಟೆಲಿನಲ್ಲಿ ಮುದ್ದೆ ತೊಳಸಿಯೇ ಕೂದಲು ಬೆಳ್ಳಗಾದವಳು ನಾನು. ಇಲ್ಲಿಯ ಚರ್ಚಿನ ಹುಡುಗಿಯರಿಗೆ ಸಂಬಳವಿಲ್ಲದೆ ಅಡುಗೆ ಕಲಿಸಲು ಬಂದಿದ್ದೇನೆ. ಕಾಗದದಲ್ಲಿ ಟೀಚರ್ ಎಂದಿದೆ, ಓದಿರುವುದು ಮೂರನೇ ಕ್ಲಾಸು. ಅವಳು ನಂಬದಿದ್ದರೆ ಮುಂದಿನ ವಿಮಾನದಲ್ಲೇ ವಾಪಸು. ಜೊತೆಗೆ ಬಂದ ಹೊಳೆನರಸೀಪುರದ ಸಿಸ್ಟರ್ ಜಸಿಂತಾ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಬೆವೆತುಹೋದರು.

ಬೆಂಗಳೂರಿನ ತಪಾಸಣೆಯವರ ಹತ್ತಿರ ವಾದ ಮಾಡಿ ಉಳಿಸಿಕೊಂಡಿದ್ದ ಮುದ್ದೆ ಕೋಲನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

"ಅಯ್ಯೋ ಅಜ್ಜಿ, ದೊಣ್ಣೆ ಯಾಕ್ ತೆಗುದ್ರಿ? ಪೊಲೀಸ್ ಕರೀತಾರೆ!"

"ಕರೀಲಿ ಬುಡಿ ಸಿಸ್ಟರ್. ಅವ್ರ ತಲೆ ಒಡಿಯಾಕಾ ತಂದಿರಾದು?"

ಆ ಹೆಂಗಸು ಕೋಲು ಎತ್ತಿಕೊಂಡು, ಇಲ್ಲದ ಪಾತ್ರೆಯೊಂದನ್ನು ಎರಡೂ ಕೈಯಲ್ಲಿ ತೊಳಸಿ ನಕ್ಕಳು. ಅವರ ಮನೆಯಲ್ಲೂ ರಾಗಿ ಹಿಟ್ಟನ್ನು ಹೀಗೇ ಬೇಯಿಸುತ್ತಾರಂತೆ. ಉಗಾಲಿ ಅನ್ನುತ್ತಾರಂತೆ. ಸಮುದ್ರ ದಾಟಿ ಬಂದು ಇದನ್ನು ಕೇಳುತ್ತೇನೆಂದು ಎಣಿಸಿರಲಿಲ್ಲ.

"ಇದು ನಮ್ಗೇ ಬತ್ತದೆ, ಇನ್ನೇನ್ ಕಲುಸ್ತಾರೆ ಅಂತ ಕೇಳ್ತಾವ್ರೆ ಅಜ್ಜಿ," ಎಂದ ಸಿಸ್ಟರ್ ಮುಖ ಸಪ್ಪಗಾಗಿತ್ತು.

"ಎಂಗ್ ಉಣ್ತಾರಂತೆ, ಕೇಳಿ."

ಅವಳು ಬೆರಳಲ್ಲಿ ಮುರಿದು ಬಾಯಿಗಿಟ್ಟಂತೆ ಮಾಡಿ, ಚೆನ್ನಾಗಿ ಅಗಿದು ತೋರಿಸಿದಳು.

"ಮುದ್ದೇನ ಅಗೀತಾರಾ? ಸಾರಲ್ಲಿ ಅದ್ದಿ ನುಂಗ್ಬೇಕು ಕಣವ್ವ! ಸಿಸ್ಟರ್, ನಂಗೆ ಇಲ್ಲಿ ಬೇಕಾದಷ್ಟು ಕೆಲ್ಸ ಐತೆ ಅಂತ ಯೋಳಿ."

ಸಿಸ್ಟರ್ ಹೇಳಿದರು. ಅವಳು ಅಗಿಯದೆ ಒಮ್ಮೆ ಸುಮ್ಮನೆ ನುಂಗಿ ನೋಡಿ, ಮತ್ತೆ ನಕ್ಕು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದಳು. ಕೋಲು ಮಾತ್ರ ಇನ್ನೂ ಅವಳ ಕೈಯಲ್ಲೇ ಇತ್ತು. ಇಸಿದುಕೊಂಡು ಹೊರಟೆ.